ಓಪನ್ ಏನ್ ಬಂತು?

ಸಂಜೆ ನಾಲ್ಕು ದಾಟಿತೆಂದರೆ ಕೊಟ್ಟೂರಿನ ಬಸ್ ನಿಲ್ದಾಣದ ಸುತ್ತಲಿನ ಚಹಾದಂಗಡಿಗಳಲ್ಲಿ ಮಾತು ಸಣ್ಣದಾಗುತ್ತದೆ. ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದವನ ಕೈ ಬಾಯಿಗೆ ಹೋಗುತ್ತಿದ್ದರೂ ಕಣ್ಣು ರಸ್ತೆಯ ಆಚೆ ಬದಿಗಿರುತ್ತದೆ. ಶೇಂಗಾ ಚೀಲ ಇಳಿಸಿ ಬಂದ ಹಮಾಲಿಯೊಬ್ಬ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಬೆವರು ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಕೇಳುತ್ತಾನೆ:

“ಓಪನ್ ಏನ್ ಬಂತು?”

“ಐದು.”

“ಥೂ ಇದರ, ಮುಂಜಾನಿಂದ ಆರು ಆರು ಅಂತ ತಲಿಯಾಗ ಕುಣೀತಿತ್ತು ನೋಡು.”

“ಇರಲಿ ಬಿಡಣ್ಣ, ಕ್ಲೋಸ್ ಇನ್ನೂ ಐತಲ್ಲ.”

ಮಾತು ಅಲ್ಲಿಗೆ ಮುಗಿಯಿತು. ಹೂವಿನಹಡಗಲಿ ಬಸ್ಸಿಗೆ ಕಾಯುತ್ತ ಪಕ್ಕದ ಬೆಂಚಿನಲ್ಲಿ ಕೂತ ಪರಊರಿನವನಿಗೆ ತೆರೆದದ್ದೇನು, ಮುಚ್ಚಲಿಕ್ಕಿರುವುದೇನು ಎಂಬುದು ತಿಳಿಯುವುದಿಲ್ಲ. ಆದರೆ ಆ ಬೆಂಚಿನ ಉಳಿದ ನಾಲ್ವರಿಗೂ ತಿಳಿದಿದೆ. ಚಹಾ ಸೋಸುವವನಿಗೆ ತಿಳಿದಿದೆ. ಲೋಟ ತೊಳೆಯುವ ಹುಡುಗನಿಗೂ ತಿಳಿದಿದೆ. ನನಗೆ ಸಂಕಟವಾಗುವುದು ಅಲ್ಲಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಗಡಿಗೆರೆಗಳು ಕಾಗದದ ಮೇಲೆ ಹಲವು ಸಲ ಅತ್ತಿತ್ತ ಸರಿದಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಎರಡು ದಶಕದ ಮೇಲೆ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯ ಮಗ್ಗುಲಿನಿಂದ ಎದ್ದು ತಾನೇ ತಾಲ್ಲೂಕಾಯಿತು. 2021ರಿಂದ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಊರಿಂದೂರಿಗೆ ಮಾತಿನ ರಾಗವೂ ಬೇರೆ. ಹಡಗಲಿಯವರ ಮಾತು ತುಂಗಭದ್ರೆಯ ಆಚೆ ದಡದ ಕಡೆಗೆ ವಾಲುತ್ತದೆ, ಹರಪನಹಳ್ಳಿಯವರದು ದಾವಣಗೆರೆಯ ಕಡೆಗೆ, ಕೂಡ್ಲಿಗಿಯ ಮೂಡಣ ಹಳ್ಳಿಗಳಲ್ಲಿ ತೆಲುಗಿನ ಸೊಗಡು ಬೆರೆತಿರುತ್ತದೆ. ಆದರೆ ಜೂಜಿನ ನುಡಿಗೆ ಬಂದರೆ ಐದೂ ಊರು ಒಂದೇ. ಪೇಟೆಯ ಪತ್ರಿಕೆಗಳು ಮಟ್ಕಾ ಎಂದು ಬರೆಯುವುದನ್ನು ಇಲ್ಲಿ ಎಲ್ಲರೂ ಕರೆಯುವುದು ಓಸಿ ಎಂದು. ಓಪನ್ನಿನ ಓ, ಕ್ಲೋಸಿನ ಸಿ. ಹೆಣ್ಣು ಕೊಡುವಾಗ ಹುಡುಗನ ಬಗ್ಗೆ ವಿಚಾರಿಸುವ ಹಿರಿಯರ ಬಾಯಲ್ಲೂ ಈ ಎರಡಕ್ಷರ ಬರುತ್ತದೆ: “ದುಡೀತಾನ, ಕುಡಿಯಂಗಿಲ್ಲ. ಆದ್ರ ಓಸಿ ಐತಿ.” ಅಷ್ಟು ಹೇಳಿದರೆ ಸಂಬಂಧ ಅಲ್ಲಿಗೆ ನಿಂತಿತು.

ಈ ಎರಡಕ್ಷರದ ಹುಟ್ಟು ಹತ್ತಿಯಲ್ಲಿದೆ ಎಂದರೆ, ಬಳ್ಳಾರಿ ಸೀಮೆಯ ಎರೆಹೊಲದಲ್ಲಿ ಹತ್ತಿ ಬಿಡಿಸಿದವರಿಗೂ ಆಶ್ಚರ್ಯವಾದೀತು. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಿಂದ ದಿನದ ಆರಂಭದ ದರ, ಅಂತ್ಯದ ದರ ಎಂದು ಎರಡು ಅಂಕಿಗಳು ತಂತಿಯ ಮೂಲಕ ಮುಂಬಯಿಯ ಹತ್ತಿ ಕೇಂದ್ರಕ್ಕೆ ಬರುತ್ತಿದ್ದವು. ಹತ್ತಿಯನ್ನೇ ನೋಡದ ಗಿರಣಿ ಕಾರ್ಮಿಕರೂ ಆ ಅಂಕಿಗಳ ಮೇಲೆ ಕಾಸು ಕಟ್ಟುತ್ತಿದ್ದರು. 1961ರಲ್ಲಿ ನ್ಯೂಯಾರ್ಕಿನ ಕೇಂದ್ರ ಆ ಪದ್ಧತಿ ನಿಲ್ಲಿಸಿತು. ದರ ನಿಂತಿತು, ಆಟ ನಿಲ್ಲಲಿಲ್ಲ. ಅಂಕಿ ಬರೆದ ಚೀಟಿಗಳನ್ನು ಮಣ್ಣಿನ ಮಡಕೆಗೆ ಹಾಕಿ ಎತ್ತುವುದು ಶುರುವಾಯಿತು. ಮಡಕೆಯ ಹಿಂದಿ ಹೆಸರೇ ಆಟದ ಹೆಸರಾಯಿತು. 1962ರಲ್ಲಿ ಕಲ್ಯಾಣಜಿ ಭಗತ್ ವರ್ಲಿಯಲ್ಲಿ ಒಂದು ಮಟ್ಕಾ ತೆರೆದರು, 1964ರಲ್ಲಿ ರತನ್ ಖತ್ರಿ ಇನ್ನೊಂದು. ಕ್ರಮೇಣ ಮಡಕೆ ಹೋಗಿ ಇಸ್ಪೀಟ್ ಎಲೆ ಬಂತು. ಮಟ್ಕಾ ದೊರೆ ಎನಿಸಿಕೊಂಡಿದ್ದ ಖತ್ರಿ 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಕಲ್ಯಾಣಜಿಯ ಹೆಸರು ಮಾತ್ರ ಇಲ್ಲಿಯ ನಾಲಿಗೆಯ ಮೇಲೆ ‘ಕಲ್ಯಾಣಿ’ ಆಗಿ ಉಳಿದಿದೆ. “ಕಲ್ಯಾಣಿಗೆ ಹಾಕು”, “ಬಾಂಬೆಗೆ ಹಾಕು” ಎಂದು ಕೂಡ್ಲಿಗಿಯ ಹುಣಸೆಮರದ ಕೆಳಗೆ ಹೇಳುವವರು ಮುಂಬಯಿಯನ್ನು ಕಂಡವರಲ್ಲ, ಕಲ್ಯಾಣಜಿಯ ಹೆಸರನ್ನೂ ಕೇಳಿದವರಲ್ಲ.

ಆಟದ ಕಟ್ಟು ಸರಳವಾಗಿದೆ, ಮೋಹ ಹುಟ್ಟುವುದೂ ಅದರಿಂದಲೇ. ಮೂರು ಎಲೆ ಎತ್ತುತ್ತಾರೆ. ಎರಡು, ಐದು, ಎಂಟು ಬಂದವು ಎನ್ನಿ, ಕೂಡಿದರೆ ಹದಿನೈದು, ಕೊನೆಯ ಅಂಕಿ ಐದು. ಅದು ಓಪನ್. ಒಂದೆರಡು ತಾಸು ಬಿಟ್ಟು ಮತ್ತೆ ಮೂರು ಎಲೆ. ಮೂರು, ನಾಲ್ಕು, ಒಂಬತ್ತು, ಕೂಡಿದರೆ ಹದಿನಾರು, ಕೊನೆಯ ಅಂಕಿ ಆರು. ಅದು ಕ್ಲೋಸ್. ಎರಡೂ ಸೇರಿ 56. ಒಂದೇ ಅಂಕಿಗೆ ಹಾಕಿದರೆ ‘ಸಿಂಗಲ್’. ಎರಡಕ್ಕೂ ಸೇರಿಸಿ ಹಾಕಿದರೆ ‘ಜೋಡಿ’. ಮೂರೆಲೆಯ ಅಂಕಿಗಳನ್ನೇ ಹಿಡಿದು ಹಾಕಿದರೆ ‘ಪಟ್ಟಿ’. ಮೂರೂ ಬೇರೆ ಬೇರೆಯಾದರೆ ಸಿಂಗಲ್ ಪಟ್ಟಿ, ಎರಡು ಒಂದೇ ಆದರೆ ಡಬಲ್, ಮೂರೂ ಒಂದೇ ಆದರೆ ಟ್ರಿಪಲ್. ಒಟ್ಟು ಪಟ್ಟಿ 220. ಅದರಲ್ಲಿ ಸಿಂಗಲ್ 120, ಡಬಲ್ 90, ಟ್ರಿಪಲ್ ಹತ್ತು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನೊಬ್ಬ ಇವಿಷ್ಟನ್ನೂ ಉಸಿರು ಕಟ್ಟದೆ ಹೇಳುತ್ತಾನೆ. ಇನ್ನು ‘ಕಟ್’ ಇದೆ: ಒಂದಕ್ಕೆ ಆರು, ಎರಡಕ್ಕೆ ಏಳು, ಮೂರಕ್ಕೆ ಎಂಟು, ನಾಲ್ಕಕ್ಕೆ ಒಂಬತ್ತು, ಐದಕ್ಕೆ ಸೊನ್ನೆ. ಒಂದು ಅಂಕಿ ಕೈಕೊಟ್ಟರೆ ಅದರ ಕಟ್ ಬಂದೇ ಬರುತ್ತದೆ ಎಂಬ ನಂಬಿಕೆ. 12ಕ್ಕೆ 17, 62, 67 ಎಂದು ಕಟ್ ಕಟ್ಟುತ್ತ ಹೋಗಿ, ತಿರುಗಿಸಿ ಮುರುಗಿಸಿ ಎಂಟು ಜೋಡಿ ಮಾಡುತ್ತಾರೆ. ಅದಕ್ಕೆ ‘ಫ್ಯಾಮಿಲಿ’ ಎನ್ನುತ್ತಾರೆ. ಮನೆಯ ಸಂತೆಯ ದುಡ್ಡು ಈ ಫ್ಯಾಮಿಲಿಯ ಮೇಲೆ ಹೋಗುತ್ತದೆ.

ಗೆದ್ದ ಜೋಡಿಗೆ ಈ ಭಾಗದಲ್ಲಿ ನಡೆಯುವ ಮಾತು ಒಂದಕ್ಕೆ ಎಂಬತ್ತು. ಕೇಳಲು ದೊಡ್ಡದು. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಇರುವುದು ನೂರು ಜೋಡಿ. ನೂರಕ್ಕೂ ಒಂದೊಂದು ರೂಪಾಯಿ ಬರೆಸಿದವನಿಗೆ ಮರಳಿ ಬರುವುದು 80. ಉಳಿದ ಇಪ್ಪತ್ತು ಆಟ ನಡೆಸುವ ಬುಕ್ಕಿಯದು, ಯಾವ ನಂಬರ್ ಬಂದರೂ ಅವನದೇ. ದಿನಕ್ಕೆ 50 ರೂಪಾಯಿ ಹಾಕುವವನ ಕೈಯಿಂದ ವರ್ಷಕ್ಕೆ 18,250 ಹೋಗುತ್ತದೆ, ಸರಾಸರಿ ಲೆಕ್ಕದಲ್ಲಿ 14,600 ತಿರುಗಿ ಬರಬೇಕು. ಹಾಗೆ ತಿರುಗಿ ಬಂದದ್ದು ಮನೆ ಮುಟ್ಟುವುದಿಲ್ಲ. ಬಂದ ದಿನವೇ ‘ಆಟದ ದುಡ್ಡು’ ಎಂಬ ಹೊಸ ಹೆಸರು ಪಡೆದು ಮತ್ತೆ ಚೀಟಿಗೆ ಹೋಗುತ್ತದೆ. ದುಡಿದ ರೊಕ್ಕ ಬೇರೆ, ಆಟದ ರೊಕ್ಕ ಬೇರೆ ಎಂಬ ಈ ಭೇದವನ್ನು ನಾನು ಆಡುವವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಅವರ ಇಡೀ ಪದಕೋಶದಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡುವ ಮಾತು ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಆಡುವವರ ಕ್ರಿಯಾಪದಗಳನ್ನು ಕಿವಿಗೊಟ್ಟು ಕೇಳಬೇಕು. ಓಸಿಯನ್ನು ‘ಬರೆಸುತ್ತಾರೆ’. ರೊಕ್ಕ ‘ಹಚ್ಚುತ್ತಾರೆ’. ನಂಬರ್ ‘ಬೀಳುತ್ತದೆ’. ಒಬ್ಬನಿಗೆ ಅದು ‘ಹತ್ತುತ್ತದೆ’. ಬಾರದೆ ಹೋದರೆ ಬುಕ್ಕಿ ‘ತಿಂದ’. ಇವು ಯಾವುವೂ ಮುಂಬಯಿಯಿಂದ ಬಂದವಲ್ಲ. ಇಲ್ಲಿಯ ಹೊಲದವು, ಅಡುಗೆಮನೆಯವು. ಕೂಡ್ಲಿಗಿ ಬರಕ್ಕೆ ಹೆಸರಾದ ತಾಲ್ಲೂಕು. ಹಗರಿ ಹಳ್ಳದಲ್ಲಿ ಮರಳು ಕಂಡಷ್ಟು ದಿನ ನೀರು ಕಾಣುವುದಿಲ್ಲ. ರೋಹಿಣಿ ಮಳೆ ಬಿತ್ತಾ ಎಂದು ಕೇಳುವ ನಾಲಿಗೆಯೇ ನಂಬರ್ ಬಿತ್ತಾ ಎಂದೂ ಕೇಳುತ್ತದೆ. ಬೀಜ, ಗೊಬ್ಬರ, ಕೂಲಿ ಎಲ್ಲವನ್ನೂ ಮಣ್ಣಿಗೆ ಹಾಕಿ ಮೋಡ ನೋಡುತ್ತ ಕೂರುವವನಿಗೆ, ಹತ್ತು ರೂಪಾಯಿ ಹಾಕಿ ಸಂಜೆಯವರೆಗೆ ಕಾಯುವುದು ಹೊಸ ಅನುಭವವಲ್ಲ. ಬೆಳೆ ಬಂದರೂ ಉಳ್ಳಾಗಡ್ಡಿಯ ದರ ಯಾವತ್ತು ಏನಾಗುತ್ತದೋ ಬಲ್ಲವರಿಲ್ಲ. “ಒಕ್ಕಲುತನಾನೂ ಓಸಿನಾ ಬಿಡ್ರಿ” ಎಂದು ಹರಪನಹಳ್ಳಿಯ ಮೆಕ್ಕೆಜೋಳದ ಕಣದಲ್ಲಿ ರೈತನೊಬ್ಬ ಅಂದಾಗ ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಹೊಲದಲ್ಲಿ ಕೈಕೊಡುವುದು ಮಳೆ. ಅದು ಯಾರ ಕಿಸೆಗೂ ಹೋಗುವುದಿಲ್ಲ. ಓಸಿಯಲ್ಲಿ ಕೈಕೊಟ್ಟದ್ದೆಲ್ಲ ಒಬ್ಬನ ಕಿಸೆಗೆ ಹೋಗುತ್ತದೆ.

ಭವಿಷ್ಯವನ್ನು ಬಿಡಿಸಿ ನೋಡುವ ಹಂಬಲ ಈ ಸೀಮೆಗೆ ಹಳೆಯದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರಿ, ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಉಸಿರು ಹಿಡಿಯುತ್ತಾರೆ. ಆತ ನುಡಿಯುವುದು ಒಂದೇ ವಾಕ್ಯ. ಅದನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಹಚ್ಚಿ ಅರ್ಥ ಮಾಡುವ ಕೆಲಸ ವರ್ಷವಿಡೀ ಕಟ್ಟೆಗಳ ಮೇಲೆ ನಡೆಯುತ್ತದೆ. ಅದು ಊರೊಟ್ಟಿನ ಧ್ಯಾನ. ಓಸಿ ಆಡುವವನೂ ಒಬ್ಬ ಅರ್ಥಗಾರನೇ, ಆದರೆ ಒಂಟಿ. ಕನಸಿನಲ್ಲಿ ಹಾವು ಕಂಡರೆ ಒಂದು ಅಂಕಿ, ಹೆಣ ಕಂಡರೆ ಇನ್ನೊಂದು. ಎದುರಿಗೆ ಬಂದ ಲಾರಿಯ ನಂಬರ್, ತೊದಲುವ ಕೂಸಿನ ಬಾಯಿಂದ ಬಂದ ಎಣಿಕೆ, ಆಸ್ಪತ್ರೆಯ ಚೀಟಿಯ ಕೊನೆಯ ಅಂಕಿ, ಎಲ್ಲವೂ ಅವನಿಗೆ ಸೂಚನೆ. ಹಿಂದಿನ ತಿಂಗಳುಗಳ ಫಲಿತಾಂಶವನ್ನು ಸಾಲು ಸಾಲಾಗಿ ಅಚ್ಚು ಹಾಕಿದ ‘ಚಾರ್ಟ್’ ಅವನ ಪಂಚಾಂಗ. ಅದನ್ನು ನೋಡಿ ಅಂದಾಜು ಮಾಡುವುದು ‘ಗೆಸ್ಸಿಂಗ್’. ಒಳ್ಳೆಯ ಗೆಸ್ಸಿಂಗ್ ಕೊಡುತ್ತಾನೆ ಎಂದು ಹೆಸರಾದವನಿಗೆ ಚಹಾ ಪುಕ್ಕಟೆ. ಅವನು ಯಾಕೆ ತಾನೇ ಗೆದ್ದು ಮನೆ ಕಟ್ಟಿಸಿಲ್ಲ ಎಂದು ಯಾರೂ ಕೇಳುವುದಿಲ್ಲ.

ಇದೇ ವ್ಯವಹಾರಕ್ಕೆ ಪೊಲೀಸ್ ಠಾಣೆಯಲ್ಲಿ ಇನ್ನೊಂದು ಕನ್ನಡವಿದೆ. ಪತ್ರಿಕಾ ಪ್ರಕಟಣೆಗಳನ್ನು ಓದಿದವರಿಗೆ ಅದರ ಲಯ ಪರಿಚಿತ. ಖಚಿತ ಬಾತ್ಮಿ ಬಂದಿರುತ್ತದೆ. ಪಂಚರ ಸಮಕ್ಷಮ ದಾಳಿಯಾಗುತ್ತದೆ. ಆರೋಪಿತನು ತನ್ನ ಸ್ವಂತ ಲಾಭಕ್ಕೋಸ್ಕರ ಸಾರ್ವಜನಿಕ ಸ್ಥಳದಲ್ಲಿ ನಿಂತು, ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಜನರನ್ನು ಕೂಗಿ ಕರೆಯುತ್ತಿರುತ್ತಾನೆ. ಅವನಿಂದ ನಗದು, ಮಟ್ಕಾ ನಂಬರ್ ಬರೆದ ಚೀಟಿ ಮತ್ತು ಒಂದು ಬಾಲ್ ಪೆನ್ ಜಪ್ತಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78(3). ಬಯಲಲ್ಲಿ ಎಲೆ ಆಡುತ್ತಿದ್ದರೆ ಕಲಂ 87, ‘ಅಂದರ್ ಬಾಹರ್ ಎಂಬ ನಸೀಬಿನ ಜೂಜಾಟ’. ತಾಲ್ಲೂಕು ಬದಲಾದರೂ ವಾಕ್ಯ ಬದಲಾಗುವುದಿಲ್ಲ, ಬಾಲ್ ಪೆನ್ನೂ ಬದಲಾಗುವುದಿಲ್ಲ. ನಿಜವಾಗಿ ಓಸಿ ಬರೆಯುವವನು ಯಾರನ್ನೂ ಕೂಗಿ ಕರೆಯುವುದಿಲ್ಲ. ಅವನು ಪಾನ್ ಅಂಗಡಿಯ ಹಿಂದೆ, ಕ್ಷೌರದಂಗಡಿಯ ಬೆಂಚಿನಲ್ಲಿ, ಬೇಲಿ ಮರೆಯಲ್ಲಿ ಸುಮ್ಮನೆ ಕೂತಿರುತ್ತಾನೆ. ಜನವೇ ಹುಡುಕಿಕೊಂಡು ಹೋಗುತ್ತಾರೆ.

ಈ ‘ಬರೆಯೋನು’ ಎಂಬವನನ್ನು ಸ್ವಲ್ಪ ನಿಂತು ನೋಡಬೇಕು. ಬಳ್ಳಾರಿ, ಅನಂತಪುರದ ಕಡೆ ಅವನಿಗೆ ‘ಬೀಟರ್’ ಎಂಬ ಹೆಸರೂ ಇದೆ. ಅವನು ಮಾಲೀಕನಲ್ಲ. ಬರೆಸಿಕೊಂಡ ದುಡ್ಡಿನಲ್ಲಿ ಅವನಿಗೆ ಇಷ್ಟು ಎಂದು ಕಮಿಷನ್. ಹೊತ್ತು ಮುಗಿಯುವ ಮುಂಚೆ ಎಲ್ಲ ಚೀಟಿಗಳನ್ನು ಕೂಡಿಸಿ ಮೇಲಿನವನಿಗೆ ‘ಪಟ್ಟಿ ಕೊಡಬೇಕು’. ಮೇಲಿನವನು ಬುಕ್ಕಿ. ಒಂದೇ ನಂಬರಿಗೆ ವಿಪರೀತ ದುಡ್ಡು ಬಿದ್ದರೆ ಬುಕ್ಕಿಗೂ ಹೆದರಿಕೆ. ಆ ಭಾರವನ್ನು ತನಗಿಂತ ದೊಡ್ಡವನಿಗೆ ದಾಟಿಸುತ್ತಾನೆ. ಅದಕ್ಕೆ ‘ಕಟಿಂಗ್’ ಎನ್ನುತ್ತಾರೆ. ಹೀಗೆ ಹಳ್ಳಿಯ ಹತ್ತು ರೂಪಾಯಿ ಹೋಬಳಿಗೆ, ತಾಲ್ಲೂಕಿಗೆ, ಅಲ್ಲಿಂದ ಎಲ್ಲಿಗೋ ಏರುತ್ತ ಹೋಗುತ್ತದೆ. ಠಾಣೆಯ ದಾಖಲೆಯಲ್ಲಿ ಸಿಗುವವನು ಹೆಚ್ಚಾಗಿ ಕೆಳಗಿನ ಮೆಟ್ಟಿಲಿನವನು. ಕೂಲಿ ಸಿಗದ ದಿನಗಳಲ್ಲಿ ಬರೆಯಲು ಕೂತವನು, ಹೆಬ್ಬೆರಳ ತುದಿಗೆ ಶಾಯಿ ಅಂಟಿದವನು. ಜಪ್ತಾದ ಪಟ್ಟಿ ಯಾರ ಕೈಗೆ ಹೋಗಲಿತ್ತು ಎಂಬ ದಾರಿಯನ್ನು ಕೊನೆಯವರೆಗೆ ಹಿಡಿದು ಹೋಗುವ ತನಿಖೆ ಬೇಕು. ಬಾಲ್ ಪೆನ್ ಎಷ್ಟು ಸಿಕ್ಕಿದವು ಎಂಬ ಲೆಕ್ಕದಿಂದ ಈ ಸೀಮೆಗೆ ಉಪಕಾರವಿಲ್ಲ.

ಯುಗಾದಿಯ ಹೊತ್ತಿಗೆ ಚಿತ್ರವೇ ಬೇರೆ. ಬೇವು ಬೆಲ್ಲ ಆಗಿ, ಹೋಳಿಗೆಯ ಊಟ ಮುಗಿದು, ಬಿಸಿಲು ಇಳಿಯುವ ಮುಂಚೆಯೇ ಊರ ಹೊರಗಿನ ತೋಪಿನಲ್ಲಿ, ಹುಣಸೆ ಬೇವುಗಳ ನೆರಳಲ್ಲಿ ಜಮಖಾನ ಹಾಸುತ್ತಾರೆ. ಹಬ್ಬದ ಆಟಕ್ಕೆ ದೋಷವಿಲ್ಲ ಎಂಬುದು ಹಿಂದಿನಿಂದ ಬಂದ ಮಾತು. ವರ್ಷವಿಡೀ ಎಲೆ ಮುಟ್ಟದವರೂ ಅಂದು ಕೂರುತ್ತಾರೆ. ಇಲ್ಲಿ ಇಸ್ಪೀಟಿನ ಕಾರ್ಡಿಗೆ ‘ಎಲೆ’ ಎಂದೇ ಹೆಸರು. ಎಲೆ ಕಲಸುತ್ತಾರೆ, ಎಲೆ ಎತ್ತುತ್ತಾರೆ, ಎಲೆ ಹಾಕುತ್ತಾರೆ. ಎಕ್ಕ, ರಾಜ, ರಾಣಿ, ಗುಲಾಮ. ಆಟಿನ್, ಇಸ್ಪೀಟ್, ಕಳಾವರ್, ಡೈಮನ್. ಹಿರಿಯರು ರಮ್ಮಿಗೆ ಕೂತರೆ ಬಿಸಿರಕ್ತದವರು ‘ಮೂರೆಲೆ’ಗೆ ಕೂರುತ್ತಾರೆ. ಎಲೆ ನೋಡದೆ ಆಡುವುದು ‘ಬ್ಲೈಂಡ್’, ನೋಡಿ ಆಡುವುದು ‘ಸೀನ್’. ಆದರೆ ಗದ್ದಲವೆಲ್ಲ ‘ಒಳಗ-ಹೊರಗ’ದ ಸುತ್ತ.

ನಡುವೆ ಒಂದು ಎಲೆ ತೆರೆದಿಟ್ಟಿರುತ್ತದೆ. ಇಸ್ಪೀಟಿನ ಏಳು ಎನ್ನಿ. ಇನ್ನೊಂದು ಏಳು ಯಾವ ಕಡೆ ಬೀಳುತ್ತದೆ, ಒಳಗೋ ಹೊರಗೋ? ಸುತ್ತ ನಿಂತವರು ಎರಡೂ ಬದಿಗೆ ನೋಟು ಎಸೆಯುತ್ತಾರೆ. “ಒಳಗ ನೂರು!” “ಹೊರಗ ಐನೂರು, ಯಾರದಾರಪ್ಪ ಹೊರಗ?” ಎಲೆ ಹಾಕುವವನು ಮೊಣಕಾಲೂರಿ ಕೂತು ತಾಳ ಹಿಡಿದಂತೆ ಹಾಕುತ್ತಾನೆ. ಒಳಗ, ಹೊರಗ, ಒಳಗ, ಹೊರಗ. ಒಂದೊಂದು ಎಲೆಗೂ ಗುಂಪು ಮುಂದಕ್ಕೆ ಬಾಗಿ ಹಿಂದಕ್ಕೆ ಸರಿಯುತ್ತದೆ. ಏಳು ಬಿದ್ದೊಡನೆ ಅರ್ಧ ಜನ ಕೂಗುತ್ತಾರೆ, ಅರ್ಧ ಜನ ಜೇಬು ತಡವುತ್ತಾರೆ. ಮಂಗಳೂರಿನ ಕಡೆ ಇದೇ ಆಟ ‘ಉಲಾಯಿ-ಪಿದಾಯಿ’, ಆಂಧ್ರದ ಕಡೆ ‘ಲೋನ-ಬಯಟ’. ಈ ಮೂರು ಭಾಷೆಗಳಲ್ಲೂ ಮನೆಯ ಹೊಸ್ತಿಲಿನ ಎರಡು ಬದಿಗಳೇ ಈ ಆಟದ ಹೆಸರು. ಮೊದಲ ಎಲೆ ಯಾವ ಬದಿಗೆ ಬೀಳುತ್ತದೋ ಆ ಬದಿ ಗೆಲ್ಲುವುದು ನೂರಕ್ಕೆ ಸುಮಾರು ಐವತ್ತೊಂದೂವರೆ ಸಲ. ಆಡಿಸುವ ಚತುರ ಇದನ್ನು ಲೆಕ್ಕ ಓದಿ ಕಲಿತಿಲ್ಲ, ಅನುಭವದಿಂದ ಬಲ್ಲ. ಊರ ದಾರಿಯ ತಿರುವಿನಲ್ಲಿ ಕಾವಲಿಗೆ ನಿಂತ ಹುಡುಗ “ಮಾಮಾ ಬಂದ” ಎಂದು ಸಿಳ್ಳೆ ಹಾಕಿದರೆ ಜಮಖಾನದ ನಾಲ್ಕು ಮೂಲೆ ಹಿಡಿದು ಎತ್ತಿ ಓಡುತ್ತಾರೆ. ಮಾಮಾ ಎಂದರೆ ಪೊಲೀಸ್.

ಇದೆಲ್ಲ ಹೇಳುವಾಗ ಇನ್ನೊಂದನ್ನೂ ಹೇಳದಿದ್ದರೆ ಈ ಊರುಗಳಿಗೆ ಅನ್ಯಾಯವಾಗುತ್ತದೆ. ಪಂದ್ಯ ಕಟ್ಟುವುದೆಲ್ಲ ಇಲ್ಲಿ ಕೆಟ್ಟದ್ದಲ್ಲ. ನಾಗರಪಂಚಮಿಗೆ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಾರೆ: ಈ ಊರ ಅಗಸಿಯಿಂದ ಆ ಊರ ಅಗಸಿಗೆ ಎಷ್ಟು ಎಸೆತಕ್ಕೆ ಮುಟ್ಟಿಸುತ್ತೀ? ಎಸೆಯುವವನ ಹಿಂದೆ ಇಡೀ ಓಣಿ ನಡೆಯುತ್ತದೆ. ಚೀಲ ಹೊತ್ತು ಗುಡ್ಡ ಹತ್ತುವುದು, ಕಣ್ಣು ಕಟ್ಟಿಕೊಂಡು ನಡೆಯುವುದು, ಗುಂಡು ಎತ್ತುವುದು, ಎಲ್ಲದಕ್ಕೂ ಪಂದ್ಯ. ಜಾತ್ರೆಗಳಲ್ಲಿ ಟಗರಿನ ಕಾಳಗ ಇಟ್ಟರೆ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಎಂಟು ಹಲ್ಲು ಎಂದು ವಯಸ್ಸಿನ ಜೋಡಿ ಮಾಡುತ್ತಾರೆ. ಮರಿಯ ತುಟಿ ಎತ್ತಿ ನೋಡಿ ಕುರುಬ ಹಿರಿಯ ಹೇಳಿದ್ದೇ ತೀರ್ಪು. ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ದಲ್ಲಾಳಿಗಳು ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ದರ ಆಡುತ್ತಾರೆ. ಮಾರುವವನಿಗೂ ಕೊಳ್ಳುವವನಿಗೂ ಬಿಟ್ಟು ಮೂರನೆಯವನಿಗೆ ಅಂಕಿ ತಿಳಿಯದು. ಗುಟ್ಟಿನ ಅಂಕಿ, ಪಣ, ಛಲ ಎಲ್ಲವೂ ಈ ಬದುಕಿನಲ್ಲಿ ಮೊದಲೇ ಇದ್ದವು. ಅಲ್ಲಿ ಎಸೆಯುವ ತೋಳಿತ್ತು, ಹಲ್ಲು ನೋಡುವ ಕಣ್ಣಿತ್ತು. ಸೋತವನು ನಾಲ್ಕು ಜನರೆದುರು ಸೋಲುತ್ತಿದ್ದ, ಹಬ್ಬ ಮುಗಿದರೆ ಸೋಲೂ ಮುಗಿಯುತ್ತಿತ್ತು. ಚೀಟಿ ಬಂದ ಮೇಲೆ ಸೋಲು ಪ್ರತಿದಿನದ್ದಾಯಿತು, ಒಬ್ಬನೇ ನುಂಗುವಂಥದ್ದಾಯಿತು.

ದ್ರೌಪದಿಯ ವಸ್ತ್ರಾಪಹರಣದ ದೊಡ್ಡಾಟವನ್ನು ಈ ಭಾಗದ ಹಳ್ಳಿಗಳು ರಾತ್ರಿಯಿಡೀ ಕೂತು ನೋಡುತ್ತ ಬಂದಿವೆ. ಪಂಪನ ಕಾಲಕ್ಕೆ ‘ನೆತ್ತ’ ಎನಿಸಿಕೊಂಡದ್ದು ಇಲ್ಲಿಯ ರಂಗದ ಮೇಲೆ ಪಗಡೆಯಾಗಿ ಬರುತ್ತದೆ. ಶಕುನಿಯ ಪಾತ್ರಧಾರಿ ದಾಳ ಉರುಳಿಸಿ ತೊಡೆ ತಟ್ಟಿದಾಗ ಗಂಡಸರು ಸಿಳ್ಳೆ ಹೊಡೆಯುತ್ತಾರೆ. ಧರ್ಮರಾಯ ತಮ್ಮಂದಿರನ್ನು ಒಡ್ಡಿ, ತನ್ನನ್ನು ಒಡ್ಡಿ, ಕೊನೆಗೆ ಹೆಂಡತಿಯನ್ನು ಪಣಕ್ಕಿಡುವಾಗ ಹೆಂಗಸರ ಸಾಲಿನಿಂದ ಕೇಳಿಬರುವ ಶಾಪ ನಾಟಕದ ರಾಜನೊಬ್ಬನಿಗೆ ಮಾತ್ರ ಹಾಕಿದ್ದಲ್ಲ.

ಈಗಿನ ಹುಡುಗರು ಚೀಟಿಯನ್ನು ಮುದುಕರ ಆಟ ಎನ್ನುತ್ತಾರೆ. 2008ರಲ್ಲಿ ಐಪಿಎಲ್ ಶುರುವಾದ ಮೇಲೆ ಹಗರಿಬೊಮ್ಮನಹಳ್ಳಿಯ ಮೊಬೈಲ್ ಅಂಗಡಿ, ಕೂಡ್ಲಿಗಿಯ ಹೆದ್ದಾರಿ ಪಕ್ಕದ ಢಾಬಾಗಳಿಗೆ ಇನ್ನೊಂದು ನುಡಿ ಬಂತು, ಬಹುಪಾಲು ಹಿಂದಿಯದು. ‘ರೇಟ್’ ಏನು? ಎಂಬತ್ತು ಪೈಸೆ. ಅಂದರೆ ಗೆಲ್ಲುವ ಅಂದಾಜಿನ ತಂಡಕ್ಕೆ ಒಂದು ರೂಪಾಯಿ ಹಚ್ಚಿದರೆ ಗೆದ್ದಾಗ ಮೇಲೆ ಬರುವುದು ಎಂಬತ್ತು ಪೈಸೆ. ಆ ತಂಡ ‘ಫೇವರಿಟ್’. ತಂಡಕ್ಕೆ ಕಟ್ಟುವುದು ‘ಲಗಾಯಿ’, ಅದರ ವಿರುದ್ಧ ನಿಲ್ಲುವುದು ‘ಖಾಯಿ’. ಆರು ಓವರಿಗೆ ಎಷ್ಟು ರನ್ ಎಂಬುದು ‘ಸೆಷನ್’. ಲಕ್ಷಕ್ಕೆ ‘ಪೇಟಿ’, ಕೋಟಿಗೆ ‘ಖೋಖಾ’. ಪೇಟಿಯನ್ನು ಕಣ್ಣಿಂದ ಕಾಣದ ಹುಡುಗನ ಬಾಯಲ್ಲಿ ಪೇಟಿಯ ಮಾತು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದವರಲ್ಲಿ ಬಳ್ಳಾರಿಯ ಹೆಸರು ಹೊತ್ತ ತಂಡಕ್ಕೆ ಆಡಿದವರೂ ಇದ್ದರು. ಅದನ್ನು ಟಿವಿಯಲ್ಲಿ ನೋಡಿದ ಮೇಲೂ ಇಲ್ಲಿಯ ಹುಡುಗರು ಕೇಳಿದ್ದು ಮುಂದಿನ ಪಂದ್ಯದ ರೇಟನ್ನೇ.

ಆಮೇಲೆ ‘ಐಡಿ’ ಬಂತು. ಬುಕ್ಕಿ ಈಗ ಮನುಷ್ಯನಾಗಿ ಎದುರು ಕೂರುವುದಿಲ್ಲ. ವಾಟ್ಸಾಪಿನಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡ್ ಕಳಿಸುತ್ತಾನೆ. ಫೋನ್‌ಪೇಯಲ್ಲಿ ಹೋದ ರೂಪಾಯಿ ಅಲ್ಲಿ ‘ಪಾಯಿಂಟ್’ ಆಗುತ್ತದೆ. ಐದು ಸಾವಿರ ರೂಪಾಯಿ ಹೋಯಿತು ಎಂದರೆ ಎದೆ ಝಲ್ಲೆನ್ನುತ್ತದೆ. ಐದು ಸಾವಿರ ಪಾಯಿಂಟ್ ಹೋಯಿತು ಎಂದರೆ ಅನ್ನಿಸುವುದಿಲ್ಲ. ಸರ್ಕಾರಗಳು ಸುಮ್ಮನೆ ಕೂತಿಲ್ಲ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಹೋಯಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಜಾಹೀರಾತುಗಳು ಹೋದವು. ಆದರೆ ಐಡಿ ಕೊಡುವವನು ಮೊದಲೂ ಕಾನೂನಿನ ಹೊರಗೇ ಇದ್ದವನು.

ಜೂಜಿನ ಪದಕೋಶ ಆಡುವ ಜಾಗದಲ್ಲಿ ಮುಗಿಯುವುದಿಲ್ಲ, ಅದರ ದೊಡ್ಡ ಭಾಗ ಮನೆಯಲ್ಲಿದೆ. ಕೈಗಡ. ಅಡ. ಉದ್ರಿ. ದಿನದಿನಕ್ಕೂ ಏರುವ ‘ಮೀಟರ್ ಬಡ್ಡಿ’. ಸಂಘದ ಕಂತು. ಕಂತಿನ ದಿನ ಓಣಿಗೆ ಬರುವ ಬೈಕಿನ ಸಪ್ಪಳ. ಸಾಲ ವಸೂಲಿಯ ಕಿರುಕುಳ ಮಿತಿಮೀರಿ 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಸಾಲಗಳಿಗೆ ಕಾರಣ ಹಲವು: ಕೊಳವೆಬಾವಿ, ಮದುವೆ, ಆಸ್ಪತ್ರೆ. ಆ ಸಾಲಿನಲ್ಲಿ ಬಾಯಿಬಿಟ್ಟು ಹೇಳದೆ ಉಳಿಯುವ ಕಾರಣ ಜೂಜು. ಹೆಂಡತಿ ಸಹಿ ಹಾಕಿ ಎತ್ತಿದ ಸಾಲ, ಗಂಡ ಹಚ್ಚಿದ ಪಾಯಿಂಟ್. ಇದು ಚಟ ಮಾತ್ರವಲ್ಲ, ಚಿಕಿತ್ಸೆ ಇರುವ ಕಾಯಿಲೆಯೂ ಹೌದು ಎಂದು ವೈದ್ಯಲೋಕ ಒಪ್ಪಿದೆ. ತಂತ್ರಜ್ಞಾನದ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ತೆರೆಯಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಮನೆಯವರೂ ಕರೆ ಮಾಡಬಹುದು. ಇದನ್ನು ಈ ಐದೂ ಊರಿನ ಬಸ್ ನಿಲ್ದಾಣದ ಗೋಡೆಗಳ ಮೇಲೆ, ಓಪನ್ ಕೇಳುವ ಜಾಗದಲ್ಲೇ, ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಹಡಗಲಿಯ ಮಲ್ಲಿಗೆ ತೋಟದಲ್ಲಿ ಬೆಳಕು ಹರಿಯುವ ಮುಂಚೆ ಮೊಗ್ಗು ಬಿಡಿಸುವ ತಾಯೊಬ್ಬರು ಆಟದ ಮಾತನ್ನೆಲ್ಲ ಗಂಡನಿಗಿಂತ ಚೆನ್ನಾಗಿ ಬಲ್ಲರು. “ಓಪನ್ ಹತ್ತಿದ್ರ ನಗ್ತಾ ಬರ್ತಿದ್ದ, ಉಣ್ಣಾಕ ಕೂಡ್ತಿದ್ದ. ಕ್ಲೋಸ್ ಹೋತಂದ್ರ ಬಾಗಲಾಗ ನಿಂತು ನನ್ನ ಕಿವಿ ನೋಡ್ತಿದ್ದ,” ಎಂದರು. ಕಿವಿಯ ಓಲೆ ಎರಡು ಸಲ ಅಡ ಹೋಗಿ ಎರಡನೆಯ ಸಲ ಮರಳಲಿಲ್ಲ. ಮಾತಾಡುವಾಗಲೂ ಅವರ ಬೆರಳು ನಿಲ್ಲಲಿಲ್ಲ, ಮೊಗ್ಗು ಮಡಿಲಿಗೆ ಬೀಳುತ್ತಲೇ ಇದ್ದವು. ಹೂವು ದಾವಣಗೆರೆಯ ಬಸ್ಸಿಗೆ ಹತ್ತಬೇಕಿತ್ತು. ಹೂವಿನ ದುಡ್ಡು ಹಿಂದೆಲ್ಲ ಗಂಡನ ಕೈಗೆ ಹೋಗುತ್ತಿತ್ತು. ಈಗ ಅವರ ಹೆಸರಿನ ಖಾತೆಗೇ ಬೀಳುತ್ತದೆ, ಬಿದ್ದದ್ದನ್ನು ಮಗಳು ಓದಿ ಹೇಳುತ್ತಾಳೆ. “ಪಿನ್ ನಂಬರ್ ಏನಂತ ದಿನಾ ಕೇಳ್ತಾನ್ರಿ. ಏನೇನೋ ಅಂದಾಜು ಮಾಡಿ ಒತ್ತಿ ನೋಡಿದ, ಮೂರು ಸಲ ತಪ್ಪಾತು, ಬಂದ್ ಆತು. ನಾನು ಬ್ಯಾಂಕಿಗೆ ಹೋಗಿ ಹೊಸಾದು ಮಾಡಿಸ್ಕೊಂಡು ಬಂದೆ. ಹೇಳಂಗಿಲ್ಲ ಅಂದೀನಿ, ಹೇಳಂಗಿಲ್ಲ.”